ವಿಫಲವಾದ ಬೋರ್‌ವೆಲ್‌ನ ಖರ್ಚನ್ನು ಯಾರ ಲೆಕ್ಕಕ್ಕೆ ಬರೆಯುವುದು?

ಒಂದು ಕ್ವಿಂಟಲ್ ರಾಗಿ ಬೆಳೆಯಲು ಎಷ್ಟು ಖರ್ಚಾಗುತ್ತದೆ ಎಂದು ಕೇಳಿದರೆ ಮಾಗಡಿಯ ರೈತರೊಬ್ಬರು ಒಂದು ಮೊತ್ತ ಹೇಳುತ್ತಾರೆ, ದೆಹಲಿಯಲ್ಲಿರುವ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಇನ್ನೊಂದು ಮೊತ್ತ ಹೇಳುತ್ತದೆ, ಅದೇ ಆಯೋಗದ ವರದಿಯ ಪಕ್ಕದ ಕಾಲಂನಲ್ಲಿ ಮೂರನೆಯ ಮೊತ್ತವೊಂದು ಇರುತ್ತದೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಒಂದೊಂದೂ ಕೆಲವು ಬಾಬತ್ತುಗಳನ್ನು ಒಳಗೆ ಸೇರಿಸಿಕೊಂಡು ಕೆಲವನ್ನು ಹೊರಗಿಟ್ಟಿರುತ್ತದೆ. ಕೃಷಿ ಮತ್ತು ಪರಿಸರ ಅರ್ಥಶಾಸ್ತ್ರಜ್ಞರ ಕೆಲಸದ ಬಹುಪಾಲು ಈ ಗಡಿಯಲ್ಲಿಯೇ ನಡೆಯುತ್ತದೆ. ಯಾವ ಖರ್ಚು ಲೆಕ್ಕಕ್ಕೆ ಬಂದಿದೆ, ಯಾವುದು ಬಂದಿಲ್ಲ, ಬಾರದೆ ಉಳಿದದ್ದನ್ನು ಕೊನೆಗೆ ಯಾರು ತೆರುತ್ತಿದ್ದಾರೆ ಎಂಬುದನ್ನು ಅವರು ಪತ್ತೆ ಮಾಡಬೇಕು. ಬೆಂಗಳೂರಿನಲ್ಲಿ ಈ ಶೋಧನೆಗೆ ಹಳೆಯ ನೆಲೆಗಳಿವೆ: 1964ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಕೃಷಿ ಅರ್ಥಶಾಸ್ತ್ರ ವಿಭಾಗವಿದೆ, ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ನಾಗರಭಾವಿಯ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅಂದರೆ ಐಸೆಕ್, ಇದೆ. ನಗರದ ಸುತ್ತಲಿನ ಕೋಲಾರ, ಚಿಕ್ಕಬಳ್ಳಾಪುರ, ರಾಮನಗರ (ಈಗ ಬೆಂಗಳೂರು ದಕ್ಷಿಣ), ತುಮಕೂರು ಜಿಲ್ಲೆಗಳ ಹೊಲಗಳೇ ಇವರ ಪ್ರಯೋಗಶಾಲೆ.

ರಾಗಿಯ ಲೆಕ್ಕವನ್ನೇ ಮೊದಲು ನೋಡೋಣ. 2025-26ರ ಮುಂಗಾರಿಗೆ ಕೇಂದ್ರ ಸರ್ಕಾರ ರಾಗಿಗೆ ಘೋಷಿಸಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಇದಕ್ಕೆ ಆಧಾರವಾಗಿ ತೋರಿಸಿದ ಉತ್ಪಾದನಾ ವೆಚ್ಚ 3,257 ರೂಪಾಯಿ. ಅದರ ಒಂದೂವರೆ ಪಟ್ಟು ಬೆಂಬಲ ಬೆಲೆಯಾಯಿತು. ಈ ವೆಚ್ಚವನ್ನು ವೃತ್ತಿಯವರು ‘ಎ2 ಮತ್ತು ಎಫ್‌ಎಲ್’ ಎಂದು ಕರೆಯುತ್ತಾರೆ. ಬಿತ್ತನೆ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಕೂಲಿ, ಗುತ್ತಿಗೆ ಜಮೀನಾದರೆ ಅದರ ಗುತ್ತಿಗೆ, ಹೀಗೆ ರೈತರು ತಮ್ಮ ಕೈಯಿಂದ ನಿಜವಾಗಿ ತೆತ್ತದ್ದೆಲ್ಲ ಎ2ರಲ್ಲಿ ಬರುತ್ತದೆ. ಮನೆಯವರು ತಮ್ಮದೇ ಹೊಲದಲ್ಲಿ ದುಡಿದ ದುಡಿಮೆಗೆ ಊರಿನ ಕೂಲಿ ದರ ಕಟ್ಟಿ ಸೇರಿಸಿದರೆ ಅದು ಎಫ್‌ಎಲ್. ಇದರ ಮೇಲೆ ಸ್ವಂತ ಜಮೀನಿಗೆ ಬರಬಹುದಾಗಿದ್ದ ಗೇಣಿಯನ್ನೂ ಸ್ವಂತ ಬಂಡವಾಳಕ್ಕೆ ಬರಬಹುದಾಗಿದ್ದ ಬಡ್ಡಿಯನ್ನೂ ಸೇರಿಸಿದಾಗ ಸಿಗುವುದು ‘ಸಿ2’. ಎಂ.ಎಸ್. ಸ್ವಾಮಿನಾಥನ್ ನೇತೃತ್ವದಲ್ಲಿ 2004ರಿಂದ 2006ರವರೆಗೆ ಕೆಲಸ ಮಾಡಿದ ರಾಷ್ಟ್ರೀಯ ರೈತರ ಆಯೋಗವು ಉತ್ಪಾದನಾ ವೆಚ್ಚದ ಮೇಲೆ ಶೇಕಡ 50ರಷ್ಟು ಹೆಚ್ಚುವರಿ ಬೆಲೆ ಸಿಗಬೇಕೆಂದು ಶಿಫಾರಸು ಮಾಡಿದಾಗ ಆ ವೆಚ್ಚ ಸಿ2 ಆಗಿರಬೇಕೆಂಬುದು ರೈತ ಸಂಘಟನೆಗಳ ವಾದ. ಸರ್ಕಾರ 2018-19ರಿಂದ ಎ2 ಮತ್ತು ಎಫ್‌ಎಲ್ ಆಧಾರದ ಮೇಲೆ ಒಂದೂವರೆ ಪಟ್ಟು ಕೊಡುತ್ತಿದೆ. ಬೀದಿಯಲ್ಲಿ ನಡೆಯುವ ಜಗಳದ ಹಿಂದೆ ಇರುವುದು ಎರಡು ಕಾಲಂಗಳ ನಡುವಿನ ಈ ಅಂತರ.

ಸ್ವಂತ ಜಮೀನಿಗೆ ಗೇಣಿ ಏಕೆ ಕಟ್ಟಬೇಕು ಎಂಬ ಪ್ರಶ್ನೆ ಸಹಜ. ಆ ಜಮೀನನ್ನು ಬೇರೆಯವರಿಗೆ ಗುತ್ತಿಗೆಗೆ ಕೊಟ್ಟಿದ್ದರೆ ಬರುತ್ತಿದ್ದ ಹಣವನ್ನು ರೈತರು ಬಿಟ್ಟುಕೊಟ್ಟಿದ್ದಾರೆ. ಬಿಟ್ಟುಕೊಟ್ಟದ್ದೂ ಒಂದು ಖರ್ಚೇ. ಆದರೆ ಬೆಂಗಳೂರಿನ ಸುತ್ತ ಈ ತರ್ಕವನ್ನು ಎಚ್ಚರದಿಂದ ಬಳಸಬೇಕಾಗುತ್ತದೆ. ದೇವನಹಳ್ಳಿಯಲ್ಲಿ ಒಂದು ಎಕರೆಯನ್ನು ಲೇಔಟ್‌ಗೆ ಮಾರಿದರೆ ಬರುವ ಹಣದ ಬಡ್ಡಿಯನ್ನು ಹೊಲದ ಖರ್ಚಿಗೆ ಸೇರಿಸಿದರೆ ಯಾವ ಬೆಳೆಯೂ, ದ್ರಾಕ್ಷಿಯಾಗಲಿ ಗುಲಾಬಿಯಾಗಲಿ, ಎಂದಿಗೂ ಲಾಭದಾಯಕವಾಗಿ ಕಾಣದು. ಹಾಗಾಗಿ ಅಧ್ಯಯನಕಾರರು ಆ ಊರಿನಲ್ಲಿ ಬೇಸಾಯಕ್ಕಾಗಿಯೇ ನಡೆಯುತ್ತಿರುವ ಗುತ್ತಿಗೆ ದರವನ್ನು ಹಿಡಿಯುತ್ತಾರೆ. ಇದು ನಿಯಮಬದ್ಧವಾದ ದಾರಿ, ಆದರೆ ಇದರಿಂದ ನಗರದ ಒತ್ತಡವೆಂಬ ದೊಡ್ಡ ಸಂಗತಿ ಅಂಕಿಗಳಿಂದ ಮಾಯವಾಗುತ್ತದೆ ಎಂಬುದನ್ನೂ ಒಪ್ಪಬೇಕು.

ಇಂಥ ಅಂಕಿಗಳು ಹೇಗೆ ಸಿಗುತ್ತವೆ? ಬೆಳೆ ವೆಚ್ಚದ ಸಮಗ್ರ ಅಧ್ಯಯನ ಯೋಜನೆ 1970ರ ದಶಕದ ಆರಂಭದಿಂದ ದೇಶದಲ್ಲಿ ನಡೆಯುತ್ತಿದೆ; ಕರ್ನಾಟಕದಲ್ಲಿ ಅದನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ನಡೆಸುತ್ತದೆ. ಆಯ್ದ ಹಳ್ಳಿಗಳಲ್ಲಿ ಐದು ಹಿಡುವಳಿ ವರ್ಗಗಳಿಂದ ತಲಾ ಇಬ್ಬರು ರೈತರನ್ನು ಆರಿಸಿಕೊಂಡು ಕ್ಷೇತ್ರ ಸಿಬ್ಬಂದಿ ಅವರ ದಿನದಿನದ ಕೆಲಸ, ಖರ್ಚು, ಇಳುವರಿಗಳನ್ನು ಬರೆದುಕೊಳ್ಳುತ್ತಾರೆ. ಸುಗ್ಗಿ ಮುಗಿದ ಮೇಲೆ ಒಮ್ಮೆ ಹೋಗಿ ಕೇಳಿದರೆ ಯೂರಿಯಾದ ಬೆಲೆ ನೆನಪಿರುತ್ತದೆ, ಮನೆಯ ಹೆಂಗಸರು ಎಷ್ಟು ಹೊತ್ತು ಕಳೆ ತೆಗೆದರು ಎಂಬುದು ನೆನಪಿರುವುದಿಲ್ಲ. ನೆನಪಿನಿಂದ ಮೊದಲು ಜಾರುವುದು ದುಡ್ಡು ಕೈಬದಲಾಗದ ದುಡಿಮೆ. ಅದಕ್ಕಾಗಿಯೇ ಹೊಲದ ಬದುವಿನಲ್ಲಿ ನಿಂತು ಬರೆದುಕೊಳ್ಳುವ ಈ ನಿಧಾನದ, ಬೇಸರದ ಕೆಲಸಕ್ಕೆ ಯಾವ ಸಾಫ್ಟ್‌ವೇರ್‌ಗೂ ಇಲ್ಲದ ಬೆಲೆಯಿದೆ.

ಇಷ್ಟಾದರೂ ಒಂದು ದೊಡ್ಡ ಖರ್ಚು ತಪ್ಪಿಸಿಕೊಳ್ಳುತ್ತದೆ. ಪೂರ್ವ ಕರ್ನಾಟಕದ ಗಟ್ಟಿ ಕಲ್ಲಿನ ನೆಲದಲ್ಲಿ ನೀರು ಬಂಡೆಯ ಬಿರುಕುಗಳಲ್ಲಿ ಮಾತ್ರ ನಿಲ್ಲುತ್ತದೆ. ಕೋಲಾರದಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು ಈಗ ಅಚ್ಚರಿಯ ಸುದ್ದಿಯಲ್ಲ. ಪಾಯಿಂಟ್ ನೋಡಿಸಿ, ಬೋರ್‌ವೆಲ್ ಲಾರಿ ಕರೆಸಿ, ಕೇಸಿಂಗ್ ಪೈಪ್ ಇಳಿಸಿ ಕೊರೆಸಿದ ಮೇಲೆ ಬರೀ ಧೂಳು ಬಂದರೆ ಆ ಹಣ ಹೋಯಿತು. ಸಾಮಾನ್ಯ ಸವಕಳಿ ಲೆಕ್ಕ, ಅಂದರೆ ಬಾವಿಯ ಖರ್ಚನ್ನು ಅದು ಬಾಳುವ ವರ್ಷಗಳಿಗೆ ಹಂಚುವ ಲೆಕ್ಕ, ಶುರುವಾಗುವುದು ನೀರು ಕೊಡುತ್ತಿರುವ ಬಾವಿಯಿಂದ. ನೀರು ಬಾರದ ಬಾವಿಗೆ ಬೆಳೆಯೇ ಇಲ್ಲದಿರುವಾಗ ಅದನ್ನು ಯಾವ ಬೆಳೆಯ ಖರ್ಚಿಗೆ ಬರೆಯುವುದು? ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಎಂ.ಜಿ. ಚಂದ್ರಕಾಂತ್ ಮತ್ತು ಅವರ ವಿದ್ಯಾರ್ಥಿಗಳು ಹಲವು ವರ್ಷಗಳ ಅಧ್ಯಯನಗಳಲ್ಲಿ ಈ ಪ್ರಶ್ನೆಯನ್ನೇ ಹಿಡಿದರು. ಅವರ ಉತ್ತರ ನೇರವಾಗಿತ್ತು: ವಿಫಲವಾದ ಬಾವಿಗಳ ವೆಚ್ಚವನ್ನೂ ನೀರು ಕೊಡುವ ಬಾವಿಯ ನೀರಿನ ಮೇಲೆಯೇ ಹಾಕಬೇಕು, ಬಾವಿಯ ನಿಜವಾದ ಆಯಸ್ಸಿನ ವರ್ಷಗಳಿಗೆ ಬಡ್ಡಿ ಸಮೇತ ಹಂಚಬೇಕು.

ಲೆಕ್ಕವನ್ನು ಕಾಲ್ಪನಿಕ ಅಂಕಿಗಳಿಂದ ಮಾಡಿ ನೋಡಬಹುದು. ಒಂದು ಬಾವಿಗೆ 2 ಲಕ್ಷ ರೂಪಾಯಿ, ಆಯಸ್ಸು ಹತ್ತು ವರ್ಷ ಎಂದುಕೊಂಡರೆ, ಬಡ್ಡಿ ಬಿಟ್ಟು, ವರ್ಷಕ್ಕೆ 20,000 ರೂಪಾಯಿ ಬೀಳುತ್ತದೆ. ಸಾಲದ ಅರ್ಜಿಗೆ ಲಗತ್ತಿಸುವ ಯೋಜನಾ ವರದಿಯಲ್ಲಿ ಇಂಥ ಅಂಕಿಯೇ ಇರುತ್ತದೆ. ಈಗ ಮೂರು ಕಡೆ ಕೊರೆಸಿದ ಮೇಲೆ ಒಂದರಲ್ಲಿ ನೀರು ಸಿಕ್ಕಿತು, ಅದೂ ಆರು ವರ್ಷಕ್ಕೆ ಬತ್ತಿತು ಎನ್ನೋಣ. ಆಗ ವೆಚ್ಚ 6 ಲಕ್ಷ, ಶೇಕಡ 5ರ ಬಡ್ಡಿಯಲ್ಲಿ ಆರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 1,18,000 ರೂಪಾಯಿ. ಟೊಮೆಟೊ ಬೆಳೆದು ಕೋಲಾರದ ಎಪಿಎಂಸಿಗೆ ಬಾಕ್ಸ್ ಬಾಕ್ಸಾಗಿ ಸಾಗಿಸಿ ‘ಈ ಸಲ ಲಾಭವಾಯಿತು’ ಎಂದುಕೊಂಡ ಮನೆಯಲ್ಲಿ ಈ ಅಂಕಿಯನ್ನು ಇಟ್ಟು ನೋಡಿದರೆ ಲಾಭದ ಅರ್ಥವೇ ಬದಲಾಗುತ್ತದೆ. ಕರೆಂಟ್ ಪುಕ್ಕಟೆ, ನೀರಿಗೆ ಬಿಲ್ ಇಲ್ಲ, ಹಾಗಾಗಿ ರೈತರಿಗೆ ನೀರು ಉಚಿತವಾಗಿ ಸಿಗುತ್ತಿದೆ ಎಂದು ನಗರದಲ್ಲಿ ಕುಳಿತು ಹೇಳುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು.

ಬಾವಿಯ ಆಯಸ್ಸು ಏಕೆ ಕಡಿಮೆಯಾಗುತ್ತದೆ ಎಂಬಲ್ಲಿ ಕೃಷಿ ಅರ್ಥಶಾಸ್ತ್ರ ಪರಿಸರ ಅರ್ಥಶಾಸ್ತ್ರವಾಗುತ್ತದೆ. ಪಕ್ಕದ ಹೊಲದವರು ಇನ್ನೂರು ಅಡಿ ಹೆಚ್ಚು ಆಳಕ್ಕೆ ಕೊರೆಸಿದರೆ ನನ್ನ ಬಾವಿ ಬೇಗ ಬತ್ತುತ್ತದೆ. ನಾನು ಇನ್ನೂ ಆಳಕ್ಕೆ ಹೋದರೆ ಅವರದು. ಅವರು ಕೊರೆಸುವ ನಿರ್ಧಾರ ಮಾಡಿದಾಗ ನನ್ನ ನಷ್ಟ ಅವರ ಖರ್ಚಿನಲ್ಲಿ ಎಲ್ಲೂ ಇರುವುದಿಲ್ಲ. ಒಬ್ಬರ ಕೆಲಸದಿಂದ ಇನ್ನೊಬ್ಬರ ಮೇಲೆ, ಯಾವ ಬೆಲೆಯ ಮೂಲಕವೂ ಹಾಯದೆ, ಬೀಳುವ ಇಂಥ ಹೊರೆಯನ್ನು ಬಾಹ್ಯ ವೆಚ್ಚ ಎನ್ನುತ್ತಾರೆ. 3 ಲಕ್ಷದ ಬಾವಿ ಎಂಟು ವರ್ಷದ ಬದಲು ಐದೇ ವರ್ಷ ಬಾಳಿದರೆ ವರ್ಷದ ಖರ್ಚು 37,500ರಿಂದ 60,000 ರೂಪಾಯಿಗೆ ಏರುತ್ತದೆ. ನಡುವಿನ 22,500 ರೂಪಾಯಿ ನೆರೆಯ ಬಾವಿಗಳು ಹೇರಿದ ಹೊರೆಯ ಒಂದು ಅಂದಾಜು. ಅಂತರ್ಜಲ ಒಟ್ಟು ಕುಟುಂಬದ ಕಣಜವಿದ್ದಂತೆ: ತೆಗೆಯದೆ ಬಿಟ್ಟವರ ಪಾಲು ಅವರಿಗಾಗಿ ಕಾದಿರುವುದಿಲ್ಲ, ಹಾಗಾಗಿ ಎಲ್ಲರೂ ಅವಸರದಲ್ಲಿ ತೆಗೆಯುತ್ತಾರೆ.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆರ್ಥರ್ ಪಿಗೂ 1920ರಲ್ಲಿ ಇಂಥ ಹೊರೆಗೆ ಸಮನಾದ ತೆರಿಗೆ ಹಾಕಬೇಕೆಂಬ ವಾದಕ್ಕೆ ರೂಪ ಕೊಟ್ಟರು. ಇನ್ನೊಬ್ಬ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1960ರಲ್ಲಿ ಹಕ್ಕುಗಳು ಸ್ಪಷ್ಟವಾಗಿದ್ದು ಮಾತುಕತೆಯ ಖರ್ಚು ಕಡಿಮೆಯಿದ್ದರೆ ನೆರೆಹೊರೆಯವರೇ ಒಪ್ಪಂದಕ್ಕೆ ಬರಬಲ್ಲರು ಎಂದರು. ನಮ್ಮಲ್ಲಿ ಎರಡೂ ತೊಡಕಾಗುತ್ತವೆ. 1882ರ ಈಸ್‌ಮೆಂಟ್ ಕಾಯ್ದೆಯ ಕಾಲದಿಂದ ಅಂತರ್ಜಲದ ಹಕ್ಕು ಜಮೀನಿನ ಒಡೆತನಕ್ಕೆ ಅಂಟಿಕೊಂಡಿದೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ಕರೆಂಟ್ ಉಚಿತ, ಆದ್ದರಿಂದ ಇನ್ನೊಂದು ಗಂಟೆ ನೀರೆತ್ತಲು ಕೈಯಿಂದ ಏನೂ ಹೋಗುವುದಿಲ್ಲ. ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತದೋ ಗೊತ್ತಿಲ್ಲದ ರೈತರು ಆಟೋ ಸ್ಟಾರ್ಟರ್ ಹಾಕಿಟ್ಟು ಮಲಗುತ್ತಾರೆ. ಕರೆಂಟ್ ಬಂದಾಗ ಪಂಪ್ ಓಡುತ್ತದೆ, ಬೆಳೆಗೆ ಬೇಕೋ ಬೇಡವೋ. ಇದನ್ನು ರೈತರ ಬೇಜವಾಬ್ದಾರಿ ಎಂದು ಬರೆಯುವುದು ಸುಲಭ, ಆದರೆ ಅವರ ಮುಂದಿರುವ ಬೆಲೆಗಳಿಗೂ ಅನಿಶ್ಚಿತತೆಗೂ ಅದು ಸಂಪೂರ್ಣ ವಿವೇಕದ ಉತ್ತರ.

ಎಲಿನಾರ್ ಆಸ್ಟ್ರಂ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದದ್ದು ಮೂರನೆಯ ದಾರಿಯೊಂದನ್ನು ತೋರಿಸಿದ್ದಕ್ಕಾಗಿ: ಸಾಮುದಾಯಿಕ ಸಂಪತ್ತನ್ನು ಬಳಸುವವರೇ ನಿಯಮ ಮಾಡಿಕೊಂಡು, ಒಬ್ಬರ ಮೇಲೊಬ್ಬರು ಕಣ್ಣಿಟ್ಟು, ತಪ್ಪಿದವರಿಗೆ ದಂಡ ಹಾಕಿ ಬಹುಕಾಲ ನಡೆಸಿಕೊಂಡು ಬಂದ ಉದಾಹರಣೆಗಳನ್ನು ಅವರು ಕೂಡಿಹಾಕಿದರು. ಕೋಲಾರದ ಕೆರೆಗಳಲ್ಲಿ ನೀರುಗಂಟಿ ಮಾಡುತ್ತಿದ್ದುದು ಇದನ್ನೇ. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ನೀರು, ಬರಗಾಲದಲ್ಲಿ ಯಾರದು ಎಷ್ಟು ಕಡಿತ ಎಂಬುದೆಲ್ಲ ಅವರ ಕೈಯಲ್ಲಿತ್ತು. ಕೆರೆಯ ನೀರು ಎಲ್ಲರ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಹಂಚಿಕೆಯ ನ್ಯಾಯ ಅನ್ಯಾಯವೂ ಕಾಣುತ್ತದೆ. ಬಂಡೆಯ ಬಿರುಕಿನ ನೀರಿಗೆ ನೀರುಗಂಟಿಯಿಲ್ಲ. ಕುಡಿಯುವ ನೀರಿನ ಸಾರ್ವಜನಿಕ ಬಾವಿಯಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಕೊರೆಯಬಾರದೆಂಬ 1999ರ ಕಾಯ್ದೆ, ಅಂತರ್ಜಲ ನಿಯಂತ್ರಣದ 2011ರ ಕಾಯ್ದೆ ಪುಸ್ತಕದಲ್ಲಿವೆ. ರಾತ್ರಿ ಬಂದು ಬೆಳಗಾಗುವುದರೊಳಗೆ ಹೊರಡುವ ಲಾರಿಗೆ ಅವು ಅಡ್ಡ ಬರುವುದು ಅಪರೂಪ.

ಹನಿ ನೀರಾವರಿ ಇದಕ್ಕೆಲ್ಲ ಮದ್ದಾಗಬೇಕಿತ್ತು. ಎಕರೆಗೆ ಬಳಸುವ ನೀರನ್ನು ಅದು ನಿಜವಾಗಿಯೂ ಕಡಿಮೆ ಮಾಡುತ್ತದೆ, ಇಳುವರಿಯನ್ನೂ ಹೆಚ್ಚಿಸುತ್ತದೆ. ಆದರೆ ಜಮೀನಿಗಿಂತ ನೀರು ಕೊರತೆಯಾಗಿರುವ ಕಡೆ ಉಳಿದ ನೀರಿನಲ್ಲಿ ರೈತರು ಇನ್ನರ್ಧ ಎಕರೆಗೆ ಪೈಪ್ ಎಳೆಯುತ್ತಾರೆ, ರಾಗಿಯ ಜಾಗದಲ್ಲಿ ಕ್ಯಾಪ್ಸಿಕಂ ಬರುತ್ತದೆ, ನೆಲದಿಂದ ಎತ್ತುವ ಒಟ್ಟು ನೀರು ಹಾಗೆಯೇ ಉಳಿಯುತ್ತದೆ ಅಥವಾ ಹೆಚ್ಚುತ್ತದೆ. ಕಲ್ಲಿದ್ದಲಿನ ವಿಷಯದಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವೊನ್ಸ್ 1865ರಲ್ಲಿ ಕಂಡದ್ದು ಇದೇ: ಮಿತವಾಗಿ ಉರಿಸುವ ಯಂತ್ರಗಳು ಬಂದಷ್ಟೂ ಒಟ್ಟು ಬಳಕೆ ಹೆಚ್ಚಿತು. ಆದ್ದರಿಂದ ‘ಎಕರೆಗೆ ಎಷ್ಟು ನೀರು ಉಳಿಯಿತು’ ಮತ್ತು ‘ಊರಿನಲ್ಲಿ ಎಷ್ಟು ನೀರು ಉಳಿಯಿತು’ ಎಂಬ ಎರಡು ಪ್ರಶ್ನೆಗಳನ್ನು ಅರ್ಥಶಾಸ್ತ್ರಜ್ಞರು ಬೇರೆಬೇರೆಯಾಗಿ ಕೇಳುತ್ತಾರೆ. ಸಹಾಯಧನದ ಜಾಹೀರಾತುಗಳಲ್ಲಿ ಮೊದಲನೆಯದು ಮಾತ್ರ ಇರುತ್ತದೆ.

ನಗರ ಮತ್ತು ಹಳ್ಳಿಗಳ ಲೆಕ್ಕ ಒಂದೇ ಪುಟಕ್ಕೆ ಬರುವುದು ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ, ಎಲ್ಲರ ಬಾಯಲ್ಲಿ ಕೆ.ಸಿ. ವ್ಯಾಲಿ. ಕಾವೇರಿ ನೀರು ತೊರೆಕಾಡನಹಳ್ಳಿಯ ಪಂಪಿಂಗ್ ಕೇಂದ್ರದಿಂದ ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಆಗಿ ಬೆಂಗಳೂರಿಗೆ ಬರುತ್ತದೆ. ಬಳಸಿ ಬಿಟ್ಟದ್ದು ಕೊಳಚೆಯಾಗಿ ಹರಿಯುತ್ತದೆ. ಆ ಕೊಳಚೆಯನ್ನು ಎರಡನೆಯ ಹಂತದವರೆಗೆ, ಅಂದರೆ ಜೀವಾಣುಗಳಿಂದ ಸಾವಯವ ಕೊಳೆಯನ್ನು ತೆಗೆಯುವವರೆಗೆ, ಸಂಸ್ಕರಿಸಿ ದಿನಕ್ಕೆ 44 ಕೋಟಿ ಲೀಟರ್‌ವರೆಗೆ ಕೋಲಾರ ಜಿಲ್ಲೆಯ ಕೆರೆಗಳಿಗೆ ಪಂಪ್ ಮಾಡುವ ಯೋಜನೆ 2018ರಲ್ಲಿ ಹರಿಯತೊಡಗಿತು. ಯೋಜನೆಯ ಮೊದಲ ಹಂತದ ಪಟ್ಟಿಯಲ್ಲಿ 126 ಕೆರೆಗಳಿದ್ದವು. ಉದ್ದೇಶ ನೇರ ನೀರಾವರಿಯಲ್ಲ, ಕೆರೆ ತುಂಬಿಸಿ ಅಂತರ್ಜಲಕ್ಕೆ ನೀರಿಳಿಸುವುದು. ಹೆಬ್ಬಾಳ–ನಾಗವಾರ ಕಣಿವೆಯಿಂದ ಚಿಕ್ಕಬಳ್ಳಾಪುರದ ಕಡೆಗೂ ಇಂಥದೇ ಯೋಜನೆಯಿದೆ.

ಇದರಿಂದ ಎಷ್ಟು ಲಾಭವಾಯಿತು? 2018ಕ್ಕೆ ಮೊದಲು ಬಾವಿಗಳಲ್ಲಿ ನೀರಿನ ಮಟ್ಟ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಅಳೆದು ವ್ಯತ್ಯಾಸವನ್ನು ಯೋಜನೆಯ ಖಾತೆಗೆ ಬರೆದರೆ ತಪ್ಪಾಗುತ್ತದೆ, ಏಕೆಂದರೆ 2021ರ ಕೊನೆಯಲ್ಲಿ ಈ ಜಿಲ್ಲೆಗಳಲ್ಲಿ ಭಾರಿ ಮಳೆಯೂ ಸುರಿಯಿತು. ಮಳೆಯ ಪಾಲನ್ನು ಕಳೆಯಲು ಅರ್ಥಶಾಸ್ತ್ರಜ್ಞರು ಎರಡು ಗುಂಪುಗಳ ಊರುಗಳನ್ನು ಇಟ್ಟುಕೊಳ್ಳುತ್ತಾರೆ: ಯೋಜನೆಯ ನೀರು ಬಂದ ಊರುಗಳು, ಮಣ್ಣು, ಬಂಡೆ, ಮಳೆಯಲ್ಲಿ ಅವುಗಳನ್ನೇ ಹೋಲುವ ಆದರೆ ನೀರು ಬಾರದ ಊರುಗಳು. ಉದಾಹರಣೆಗೆ ಮೊದಲ ಗುಂಪಿನಲ್ಲಿ ನೀರು 200 ಅಡಿ ಮೇಲೆ ಬಂದು, ಎರಡನೆಯ ಗುಂಪಿನಲ್ಲಿ ಬರೀ ಮಳೆಯಿಂದಲೇ 120 ಅಡಿ ಮೇಲೆ ಬಂದಿದ್ದರೆ ಯೋಜನೆಯ ಪಾಲಿಗೆ ಉಳಿಯುವುದು 80 ಅಡಿ. ಹೇಳಲು ಸುಲಭವಾದ ಈ ಕಳೆಯುವಿಕೆ ಮಾಡಲು ಕಷ್ಟ. ಎರಡನೆಯ ಗುಂಪಿನ ಊರು ಹತ್ತಿರವಿದ್ದರೆ ಕೆರೆಯ ನೀರು ನೆಲದಡಿಯಲ್ಲೇ ಅಲ್ಲಿಗೂ ಹರಿದಿರುತ್ತದೆ, ಆಗ ಲಾಭ ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ. ದೂರವಿದ್ದರೆ ಹೋಲಿಕೆಯೇ ಸಡಿಲವಾಗುತ್ತದೆ. ಕೆರೆಗಳನ್ನು ಆರಿಸಿದ್ದು ಇಳಿಜಾರಿನ ಅನುಕೂಲ ನೋಡಿಯೋ ಪ್ರಭಾವ ನೋಡಿಯೋ ಎಂಬುದೂ ತಿಳಿದಿರಬೇಕು.

ಲಾಭದ ಇನ್ನೊಂದು ಬದಿಯಲ್ಲಿ ಪಂಪಿಂಗ್‌ನ ಕರೆಂಟ್ ಖರ್ಚಿದೆ, ಸಂಸ್ಕರಣೆ ಎರಡನೆಯ ಹಂತದಲ್ಲೇ ನಿಂತಿರುವುದರಿಂದ ನೀರಿನ ಗುಣಮಟ್ಟದ ಬಗೆಗಿನ ಆತಂಕವಿದೆ. ಈ ನೀರು ಕೋಲಾರಕ್ಕೆ ಹೋಗದಿದ್ದರೆ ವ್ಯರ್ಥವಾಗುತ್ತಿತ್ತು ಎಂಬ ಮಾತಿಗೂ ತಿದ್ದುಪಡಿ ಬೇಕು: ಅದು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿ ನದಿಗೆ ಸೇರುತ್ತಿತ್ತು, ಕೆಳಗಿನ ಹರಿವಿನಲ್ಲಿಯೂ ಅದನ್ನು ಬಳಸುವವರಿದ್ದರು. ಒಂದು ಕಡೆಗೆ ತಿರುಗಿಸಿದ ನೀರಿಗೆ ಇನ್ನೊಂದು ಕಡೆಯ ಬಳಕೆಯೇ ಬೆಲೆ. ಒಟ್ಟಾರೆ ನೋಡಿದರೆ ಯೋಜನೆಯ ದಿಕ್ಕು ಸರಿಯೆಂದೇ ನನಗೆ ಕಾಣುತ್ತದೆ. ಆದರೆ ಎರಡನೆಯ ಹಂತದಲ್ಲಿ ಉಳಿದ ಕಶ್ಮಲವನ್ನೂ ತೆಗೆಯುವ ಮೂರನೆಯ ಹಂತದ ಸಂಸ್ಕರಣೆಯ ವೆಚ್ಚವನ್ನು ಕೊಳಚೆ ಮಾಡಿದ ನಗರವೇ ತೆರಬೇಕೆಂಬ ವಾದಕ್ಕೆ ಅರ್ಥಶಾಸ್ತ್ರದಲ್ಲಿ ಗಟ್ಟಿ ಆಧಾರವಿದೆ, ಬೆಂಗಳೂರಿನ ನೀರಿನ ಬಿಲ್‌ನಲ್ಲಿ ಅದಿನ್ನೂ ಪೂರ್ತಿ ಕಾಣಿಸಿಲ್ಲ.

ಮಾರುಕಟ್ಟೆಯಲ್ಲಿ ಕೊಳ್ಳಲು ಸಿಗದ ಕೆರೆಗೆ ಬೆಲೆ ಕಟ್ಟುವ ವಿಧಾನಗಳೂ ಇವೆ. ಕೆರೆ ಕಾಣುವ ಫ್ಲ್ಯಾಟ್‌ಗೂ ಅದೇ ಕಟ್ಟಡದ ಹಿಂಬದಿಯ ಫ್ಲ್ಯಾಟ್‌ಗೂ ಇರುವ ಬೆಲೆಯ ಅಂತರ ಒಂದು ದಾರಿ. ಜನ ಅಲ್ಲಿಗೆ ಬರಲು ಮಾಡುವ ಪ್ರಯಾಣದ ಖರ್ಚು ಇನ್ನೊಂದು. ‘ಈ ಕೆರೆ ಸ್ವಚ್ಛವಾಗಲು ನೀವು ತಿಂಗಳಿಗೆ ಎಷ್ಟು ಕೊಡುತ್ತೀರಿ’ ಎಂದು ಕೇಳುವುದು ಮೂರನೆಯದು. ಎಕ್ಸಾನ್ ವಾಲ್ಡೀಜ್ ಹಡಗಿನ ತೈಲ 1989ರಲ್ಲಿ ಅಲಾಸ್ಕಾದ ಸಮುದ್ರದಲ್ಲಿ ಸೋರಿದ ಮೇಲೆ ಈ ಮೂರನೆಯ ವಿಧಾನ ನಂಬಿಕೆಗೆ ಅರ್ಹವೇ ಎಂದು ಪರಿಶೀಲಿಸಲು ಅಮೆರಿಕದಲ್ಲಿ ಸಮಿತಿ ಕೂತಿತು. ನೊಬೆಲ್ ಪಡೆದ ಕೆನೆತ್ ಆರೋ ಮತ್ತು ರಾಬರ್ಟ್ ಸೋಲೊ ಅದನ್ನು ನಡೆಸಿದರು, ಬಿಗಿಯಾದ ಷರತ್ತುಗಳಡಿಯಲ್ಲಿ ಬಳಸಬಹುದು ಎಂದು 1993ರಲ್ಲಿ ಹೇಳಿದರು. ಬೆಂಗಳೂರಿನ ಕೆರೆಗಳಿಗೆ ಇದನ್ನು ಅನ್ವಯಿಸಿದಾಗ ಬೇರೊಂದು ತೊಂದರೆ ಎದ್ದು ಕಾಣುತ್ತದೆ. ಬೆಳಗಿನ ವಾಕಿಂಗ್‌ಗೆ ಬರುವ ಸಾಫ್ಟ್‌ವೇರ್ ಉದ್ಯೋಗಿ ತಿಂಗಳಿಗೆ ಐನೂರು ರೂಪಾಯಿ ಕೊಡುತ್ತೇನೆನ್ನಬಹುದು. ಅದೇ ಕೆರೆಯಂಗಳದಲ್ಲಿ ಹಸುವಿಗೆ ಹುಲ್ಲು ಕೊಯ್ಯುವ ಹೆಂಗಸು ಹತ್ತು ರೂಪಾಯಿ ಎಂದಾಳು. ಅಂಕಿಗಳನ್ನು ಕೂಡಿದರೆ ವಾಕಿಂಗ್ ಪಥ ಗೆಲ್ಲುತ್ತದೆ, ಹುಲ್ಲು ಸೋಲುತ್ತದೆ. ‘ಎಷ್ಟು ಕೊಡುತ್ತೀರಿ’ ಎನ್ನುವ ಬದಲು ‘ಇದನ್ನು ಬಿಟ್ಟುಕೊಡಲು ಎಷ್ಟು ಪರಿಹಾರ ಕೇಳುತ್ತೀರಿ’ ಎಂದು ಕೇಳಿದರೆ ಅವಳ ಉತ್ತರ ಬೇರೆಯೇ ಆಗಿರುತ್ತದೆ. ಎರಡರಲ್ಲಿ ಯಾವ ಪ್ರಶ್ನೆ ಕೇಳಬೇಕೆಂಬುದು ಕೆರೆಯ ಮೇಲೆ ಯಾರ ಹಕ್ಕಿದೆ ಎಂದು ಮೊದಲೇ ತೀರ್ಮಾನಿಸಿದಂತೆ, ಆ ತೀರ್ಮಾನ ಗಣಿತದಿಂದ ಬರುವುದಿಲ್ಲ.

ಕಾಲದ ಲೆಕ್ಕವೂ ಹೀಗೆಯೇ. ಮುಂದೆ ಸಿಗುವ ನೂರು ರೂಪಾಯಿ ಇಂದಿನ ನೂರಕ್ಕೆ ಸಮವಲ್ಲ. ಎಷ್ಟು ಕಡಿಮೆ ಎಂಬುದು ಆರಿಸಿಕೊಂಡ ದರದ ಮೇಲಿದೆ. ಐವತ್ತು ವರ್ಷದ ಆಚೆಯ ನೂರು ರೂಪಾಯಿ ಲಾಭ ಶೇಕಡ 3ರ ದರದಲ್ಲಿ ಇಂದು ಸುಮಾರು 23 ರೂಪಾಯಿ, ಶೇಕಡ 10ರ ದರದಲ್ಲಿ ಒಂದು ರೂಪಾಯಿಗೂ ಕಡಿಮೆ. ಅಣೆಕಟ್ಟು, ಅರಣ್ಯ, ಹವಾಮಾನ ಕುರಿತ ವಾದಗಳಲ್ಲಿ ಅರ್ಥಶಾಸ್ತ್ರಜ್ಞರು ಈ ಒಂದು ಅಂಕಿಗಾಗಿ ಅಷ್ಟೊಂದು ಕಾದಾಡುವುದು ಇದರಿಂದಲೇ.

ಬೋರ್‌ವೆಲ್‌ನ ಮಟ್ಟದಲ್ಲಿ ಆ ದರವನ್ನು ಯಾವ ಸಮಿತಿಯೂ ತೀರ್ಮಾನಿಸುವುದಿಲ್ಲ, ಸಾಲ ಕೊಟ್ಟವರು ತೀರ್ಮಾನಿಸುತ್ತಾರೆ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಕೈಸಾಲ ಮಾಡಿ ಕೊರೆಸಿದವರ ವಾರ್ಷಿಕ ಬಡ್ಡಿ ಶೇಕಡ 24. ಹತ್ತು ವರ್ಷದ ಆಚೆ ನೆಲದಲ್ಲಿ ಉಳಿದಿರುವ ನೂರು ರೂಪಾಯಿ ಬೆಲೆಯ ನೀರು ಅವರಿಗೆ ಇಂದು 12 ರೂಪಾಯಿಗಿಂತ ಕಡಿಮೆ. ಶೇಕಡ 7ಕ್ಕೆ ಸಾಲ ಸಿಕ್ಕವರಿಗೆ ಅದೇ ನೀರು ಸುಮಾರು 51 ರೂಪಾಯಿ. ಒಂದೇ ಬಂಡೆಯ ನೀರನ್ನು ಹಂಚಿಕೊಂಡ ಇಬ್ಬರು ರೈತರಲ್ಲಿ ಒಬ್ಬರು ಅವಸರದಲ್ಲಿ ಎತ್ತುತ್ತಾರೆ, ಇನ್ನೊಬ್ಬರು ಕಾಯಬಲ್ಲರು. ಆದರೆ ಅವಸರದವರು ಪಕ್ಕದಲ್ಲಿರುವಾಗ ಕಾಯಬಲ್ಲವರೂ ಕಾಯುವುದಿಲ್ಲ. ಆದ್ದರಿಂದ ಅಂತರ್ಜಲದ ಸಮೀಕ್ಷೆಗೆ ಹೊರಟ ಪ್ರಶ್ನಾವಳಿಯಲ್ಲಿ ಬಾವಿಯ ಆಳ, ಎಷ್ಟು ಇಂಚು ನೀರು, ಯಾವ ಬೆಳೆ ಎಂಬ ಪ್ರಶ್ನೆಗಳ ಜೊತೆಗೆ, ಕೊರೆಸಲು ಹಣ ಎಲ್ಲಿಂದ ಬಂತು, ಬಡ್ಡಿ ಎಷ್ಟು ಎಂಬ ಎರಡು ಸಾಲುಗಳೂ ಇರಬೇಕಾಗುತ್ತದೆ.